ಕಾರ್ನರ್‌ಗೆ ಯಾರು?

ಶಿಕಾರಿಪುರ ಮತ್ತು ಸೊರಬ ತಾಲ್ಲೂಕಿನ ಕಾಲೇಜುಗಳ ದೈಹಿಕ ಶಿಕ್ಷಣ ನಿರ್ದೇಶಕರಿಗೆ, ಅವರ ಜೊತೆ ನಿಂತು ಕಬಡ್ಡಿ ಕಲಿಸುವ ಸಹಾಯಕ ತರಬೇತುದಾರರಿಗೆ ಒಂದು ಬಹಿರಂಗ ಪತ್ರ



ಕಾಲೇಜು ತಂಡದ ಆಯ್ಕೆಯ ದಿನ ರೈಡರ್‌ಗಳನ್ನು ಯಾರೂ ಹುಡುಕಬೇಕಾಗಿಲ್ಲ, ಅವರೇ ಮುಂದೆ ಬರುತ್ತಾರೆ. 2019ರ ಜನವರಿ 5ರಂದು ಮುಂಬೈಯಲ್ಲಿ ಬೆಂಗಳೂರು ಬುಲ್ಸ್ ತಂಡ ಗುಜರಾತನ್ನು 38–33ರಿಂದ ಮಣಿಸಿ ಪ್ರೊ ಕಬಡ್ಡಿ ಕಪ್ ಎತ್ತಿತು. ಅವತ್ತು ಪವನ್ ಸೆಹ್ರಾವತ್ ಒಬ್ಬರೇ 22 ಅಂಕ ತಂದದ್ದು ಇವತ್ತಿಗೂ ಹುಡುಗರ ಬಾಯಲ್ಲಿದೆ. ಅದೇ ತಂಡದ ಲೆಫ್ಟ್ ಕವರ್ ಮಹೇಂದರ್ ಸಿಂಗ್ ಹೆಸರು ಕೇಳಿದರೆ ಅರ್ಧದಷ್ಟು ಜನ ತಲೆ ಕೆರೆದುಕೊಳ್ಳುತ್ತಾರೆ. ಹಾಗಾಗಿ ರೈಡಿಂಗ್‌ಗೆ ಸಾಲು ನಿಲ್ಲುತ್ತದೆ, ಡಿಫೆನ್ಸ್‌ಗೆ ಮಾತ್ರ ಆ ಸಾಲಿನಲ್ಲಿ ಉಳಿದವರು. ಆಗ ಅಂಕಣದ ಪಕ್ಕದಲ್ಲಿ ಕೇಳಿಬರುವ ಮಾತು ಶಿರಾಳಕೊಪ್ಪದಲ್ಲೂ ಒಂದೇ, ಆನವಟ್ಟಿಯಲ್ಲೂ ಒಂದೇ: ‘ಇವ್ನು ದಪ್ಪ ಇದಾನೆ, ಕಾರ್ನರಿಗೆ ಹಾಕು. ಅವ್ನು ಉದ್ದ ಇದಾನೆ, ಕವರಿಗೆ ಬಿಡು. ಆ ಸಣ್ಣೋನು ಮುಂದಿನ ವರ್ಷ ನೋಡಣ.’

ಈ ಪತ್ರಕ್ಕೆ ಕಾರಣ ಆ ಮೂರು ಮಾತು. ಮೂರರಲ್ಲೂ ಒಂದೊಂದು ಲೆಕ್ಕ ತಪ್ಪಿದೆ.

ಸಹಾಯಕ ತರಬೇತುದಾರರನ್ನೂ ಸೇರಿಸಿ ಬರೆಯುವುದಕ್ಕೆ ಕಾರಣ ಉಂಟು. ತಾಲ್ಲೂಕು ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರಿಗೆ ಕಬಡ್ಡಿಯೊಂದೇ ಅಲ್ಲ, ಅಥ್ಲೆಟಿಕ್ಸ್, ವಾಲಿಬಾಲ್, ಖೊ ಖೊ, ಅದರ ಮೇಲೆ ಪರೀಕ್ಷಾ ಕೆಲಸ, ಮೆರವಣಿಗೆಯ ಶಿಸ್ತು ಎಲ್ಲವೂ ಇರುತ್ತದೆ. ಸಂಜೆ ಮೈದಾನದಲ್ಲಿ ಹುಡುಗರ ಜೊತೆ ನಿಜವಾಗಿ ನಿಲ್ಲುವವರು ಹಳೇ ವಿದ್ಯಾರ್ಥಿಗಳು: ವಿಶ್ವವಿದ್ಯಾಲಯ ಮಟ್ಟದವರೆಗೆ ಆಡಿ ಬಂದು ಈಗ ಅಡಿಕೆ ತೋಟ, ಮೆಕ್ಕೆಜೋಳ, ಅಂಗಡಿ ನೋಡಿಕೊಂಡಿರುವವರು. ಗೌರವಧನ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಯಾರು ಕಾರ್ನರ್, ಯಾರು ಕವರ್ ಎನ್ನುವುದು ಹೆಚ್ಚಿನ ಸಲ ತೀರ್ಮಾನವಾಗುವುದು ಅವರ ಕಣ್ಣಳತೆಯಲ್ಲೇ.

ಮೊದಲು ತಕ್ಕಡಿಯ ವಿಷಯ. ಹಿರಿಯ ಪುರುಷರ ಕಬಡ್ಡಿಯಲ್ಲಿ ಆಟಗಾರನ ತೂಕ 85 ಕೆ.ಜಿ. ಮೀರುವಂತಿಲ್ಲ, ಮಹಿಳೆಯರಿಗೆ 75. ಬೇರೆ ತಂಡ ಆಟಗಳಲ್ಲಿ ಹೆಚ್ಚಾಗಿ ಕಾಣದ ಈ ಮಿತಿಯೇ ಡಿಫೆಂಡರ್ ಆಯ್ಕೆಯನ್ನು ಕೊಡು–ಕೊಳ್ಳುವ ವ್ಯವಹಾರ ಮಾಡಿಬಿಟ್ಟಿದೆ. ಎತ್ತರ ಬೇಕೆಂದರೆ ದಪ್ಪ ಬಿಟ್ಟುಕೊಡಬೇಕು. 85 ಕೆ.ಜಿ.ಯ ಒಬ್ಬ 180 ಸೆಂ.ಮೀ. ಇದ್ದರೆ ಅವನ ಬಿ.ಎಂ.ಐ. 26ರ ಆಸುಪಾಸು, ತೊಡೆ–ಭುಜಗಳಲ್ಲಿ ಮಾಂಸ ತುಂಬಿದ ಆಳು. ಅದೇ ತೂಕಕ್ಕೆ 190 ಸೆಂ.ಮೀ. ಎತ್ತರದವನನ್ನು ತಂದರೆ ಆ ಸಂಖ್ಯೆ ಇಪ್ಪತ್ತಮೂರೂವರೆಗೆ ಇಳಿಯುತ್ತದೆ. ಕೈ ಉದ್ದವಾಯಿತು, ಆದರೆ ಆ ಕೈಯ ಹಿಂದಿನ ಬಲ ಅಷ್ಟರ ಮಟ್ಟಿಗೆ ತೆಳುವಾಯಿತು.

ಪ್ರೊ ಕಬಡ್ಡಿಯವರಿಗೆ ಇದು ಕೋಟಿಗಳ ಲೆಕ್ಕ. ನಮ್ಮ ಹುಡುಗರಿಗೆ 85 ಎನ್ನುವುದು ಮಿತಿಯಲ್ಲ, ಕನಸು. ಹಿತ್ತಲ ಕೆಲಸ, ಬಸ್ಸು ಹಿಡಿಯುವ ಓಟ, ಎರಡು ಹೊತ್ತಿನ ಅನ್ನ–ಸಾರಿನಲ್ಲಿ ಬೆಳೆದ ಹದಿನೆಂಟರ ಮೈ ಅರವತ್ತು, ಅರವತ್ತೈದರ ಹತ್ತಿರ ನಿಂತಿರುತ್ತದೆ. ಅವರಿಗೆ ತಕ್ಕಡಿ ಕಾಡುವುದು ಊರಿನ ಹೊನಲು ಬೆಳಕಿನ ಪಂದ್ಯಾವಳಿಗಳಲ್ಲಿ, ‘60 ಕೆ.ಜಿ. ವಿಭಾಗ’ ಎಂದು ಪೋಸ್ಟರ್ ಬಿದ್ದಾಗ. ಆ ಅರವತ್ತಕ್ಕೂ ಲೆಕ್ಕ ಹಾಕಿ ನೋಡಿ. 165 ಸೆಂ.ಮೀ. ಎತ್ತರದ ಹುಡುಗ ಅರವತ್ತು ಕೆ.ಜಿ. ತೂಗಿದರೆ ಬಿ.ಎಂ.ಐ. 22, ಗಟ್ಟಿ ಆಸಾಮಿ. 180 ಸೆಂ.ಮೀ. ಹುಡುಗ ಅಷ್ಟೇ ತೂಗಿದರೆ ಹದಿನೆಂಟೂವರೆ, ವಿಶ್ವ ಆರೋಗ್ಯ ಸಂಸ್ಥೆ ‘ಕಡಿಮೆ ತೂಕ’ ಎಂದು ಗೆರೆ ಎಳೆಯುವುದು ಸರಿಯಾಗಿ ಅಲ್ಲೇ. ಆ ಉದ್ದನೆಯ ಹುಡುಗನನ್ನು ಕವರ್‌ನಲ್ಲಿ ನಿಲ್ಲಿಸಿ ‘ಡ್ಯಾಶ್ ಹೊಡಿಯೋ’ ಎಂದು ಹೊರಗಿನಿಂದ ಕೂಗುವುದು ಸುಲಭ. ಅವನ ಪಕ್ಕೆಲುಬಿಗೆ ಗೊತ್ತು ಅದರ ಬೆಲೆ.

ಇನ್ನೂ ವಿಚಿತ್ರವೆಂದರೆ ಒಂದೇ ಹುಡುಗನಿಂದ ಎರಡು ಕಡೆಯವರು ಎರಡು ಮೈ ಕೇಳುತ್ತಾರೆ. ಭಾನುವಾರದ ಪಂದ್ಯಾವಳಿಗೆ ಊರ ತಂಡದವರಿಗೆ ಅವನು ಹಗುರ ಇರಬೇಕು. ಕುವೆಂಪು ವಿಶ್ವವಿದ್ಯಾಲಯದ ಅಂತರಕಾಲೇಜು ಪಂದ್ಯಕ್ಕೆ ಕಾಲೇಜಿಗೆ ಅವನು ಭಾರ ಇರಬೇಕು. ಒಂದು ವಾರ ಊಟ ಬಿಡು, ಮುಂದಿನ ವಾರ ಮೊಟ್ಟೆ–ಬಾಳೆಹಣ್ಣು ತಿನ್ನು. ಹೇಳುವವರು ಕೆಲವೊಮ್ಮೆ ಒಬ್ಬರೇ.

ಈಗ ಕಾರ್ನರ್‌ಗೆ ಬರೋಣ, ಆಟದ ಅಸಲಿ ಸೂಕ್ಷ್ಮ ಇರುವುದು ಅಲ್ಲೇ. ಪುರುಷರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಒಂದು ಪಾಳೆಯಕ್ಕೆ ಆರೂವರೆ ಮೀಟರ್. ಮಧ್ಯ ಗೆರೆಯಿಂದ 3.75 ಮೀಟರ್‌ಗೆ ಬಾಕ್ ಲೈನ್, ಅಲ್ಲಿಂದ ಒಂದು ಮೀಟರ್‌ಗೆ ಬೋನಸ್ ಲೈನ್. ಬೋನಸ್ ಗೆರೆಯ ಹಿಂದೆ ಉಳಿಯುವುದು ಬರೀ 1.75 ಮೀಟರ್, ಒಬ್ಬ ಆಳು ಮಲಗಿದರೆ ತುಂಬುವಷ್ಟು ಜಾಗ. ಕಾರ್ನರ್ ಬದುಕುವುದು ಆ ಪಟ್ಟಿಯಲ್ಲಿ.

ಅಂಕಣದಲ್ಲಿ ಆರು ಅಥವಾ ಏಳು ಡಿಫೆಂಡರ್‌ಗಳಿದ್ದಾಗ ರೈಡರ್ ಬೋನಸ್‌ಗೆ ಬರುತ್ತಾನೆ. ನಿಯಮ ಹೇಳುವಂತೆ ಅವನ ಒಂದು ಕಾಲು ಬೋನಸ್ ಗೆರೆಯಾಚೆ ನೆಲ ಮುಟ್ಟಬೇಕು, ಆ ಹೊತ್ತಿಗೆ ಹಿಂದಿನ ಕಾಲು ಗಾಳಿಯಲ್ಲಿರಬೇಕು. ಅಂದರೆ ಒಂದು ಕ್ಷಣ, ಕಣ್ಣು ಮಿಟುಕಿಸುವಷ್ಟು ಹೊತ್ತು, ಅಷ್ಟು ದೊಡ್ಡ ಆಳು ಒಂಟಿ ಕಾಲಿನ ಮೇಲಿರುತ್ತಾನೆ. ಲೆಫ್ಟ್ ಕಾರ್ನರ್ ಕಾಯುವುದು ಅದನ್ನೇ. ಸೊಂಟ ಬಗ್ಗಿಸಿದ್ದರೆ ಸಾಲದು, ಸೊಂಟ ಇಳಿದಿರಬೇಕು. ಮುಂಗೈ ನೆಲದಿಂದ ಒಂದು ಗೇಣು ಮೇಲೆ. ಬೋನಸ್‌ಗೆ ಚಾಚಿದ ಪಾದ ನೆಲ ಊರುವುದು, ಎರಡು ಕೈ ಹಿಮ್ಮಡಿಯ ಮೇಲೆ ಬೀಗದಂತೆ ಬೀಳುವುದು ಒಂದೇ ಬಡಿತಕ್ಕೆ ಆಗಬೇಕು. ಅರ್ಧ ಬಡಿತ ಮುಂಚೆ ಹೋದರೆ ರೈಡರ್ ಕಾಲು ಎಳೆದುಕೊಂಡು ತಲೆಯ ಮೇಲಿಂದ ಹಾರುತ್ತಾನೆ. ತಡವಾದರೆ ಕೈಗೆ ಸಿಗುವುದು ಬೂಟಿನ ಅಡಿ, ಕೆಲವೊಮ್ಮೆ ಮುಖಕ್ಕೂ.

ಇಷ್ಟರಲ್ಲಿ ದಪ್ಪ ಎಲ್ಲಿ ಕೆಲಸಕ್ಕೆ ಬಂತು? ಹಿಡಿದ ಮೇಲೆ ಬಂತು, ಹಿಡಿಯುವ ತನಕ ಅದು ಹೊರೆ. ಕಾರ್ನರ್‌ನಲ್ಲಿ ಭಾರ ಕೊಳ್ಳುವವರು ಕೆಳಮಟ್ಟದ ಚುರುಕನ್ನು ಮಾರುತ್ತಾರೆ. ಸುರೇಂದರ್ ನಾಡಾ ಆಂಕಲ್ ಹೋಲ್ಡ್‌ನಿಂದ ಹೆಸರಾದದ್ದು ಮೈಯ ಗಾತ್ರಕ್ಕಲ್ಲ, ಮುಂಗೈಗೆ ಮತ್ತು ಕಾಯುವ ತಾಳ್ಮೆಗೆ. ಇರಾನಿನ ಫಝಲ್ ಅತ್ರಾಚಲಿಯೂ ಲೆಫ್ಟ್ ಕಾರ್ನರ್, ಪ್ರೊ ಕಬಡ್ಡಿಯಲ್ಲಿ 500 ಟ್ಯಾಕಲ್ ಅಂಕ ದಾಟಿದ ಮೊದಲಿಗ. 2018ರ ಜಕಾರ್ತಾ ಏಷ್ಯನ್ ಗೇಮ್ಸ್ ಸೆಮಿಫೈನಲ್‌ನಲ್ಲಿ ಇರಾನ್ ಭಾರತವನ್ನು 27–18ರಿಂದ ಕೆಡವಿತಲ್ಲ, ಅವತ್ತು ಆ ಕಾರ್ನರ್‌ನಲ್ಲಿ ಇದ್ದವನು ಅವನೇ. ಇರಾನಿ ಹುಡುಗರ ಬೆನ್ನ ಹಿಂದೆ ಕುಸ್ತಿಯ ನಾಡು ಇದೆ ಎಂಬುದನ್ನು ಮರೆಯಬಾರದು. ಕಾಲಿಗೆ ಇಳಿಯುವ ಭಯ ಅವರಿಗೆ ಚಿಕ್ಕಂದಿನಲ್ಲೇ ಬಿಟ್ಟಿರುತ್ತದೆ.

ಇದಕ್ಕೆ ಎದುರು ಉದಾಹರಣೆಯೂ ಇದೆ, ಮುಚ್ಚಿಡುವುದು ಸರಿಯಲ್ಲ. ಮೊಹಮ್ಮದ್‌ರೆಝಾ ಶಾದ್ಲೂಯಿ. ಮೈಕಟ್ಟೂ ಇದೆ, ಕೈ–ಕಾಲಿನ ನೀಳವೂ ಇದೆ, ಇಷ್ಟಾಗಿಯೂ ಲೆಫ್ಟ್ ಕಾರ್ನರ್. 10ನೇ ಆವೃತ್ತಿಯ ಹರಾಜಿನಲ್ಲಿ ಪುಣೇರಿ ಪಲ್ಟನ್ ಅವನಿಗೆ 2.35 ಕೋಟಿ ರೂಪಾಯಿ ಕೊಟ್ಟಿತು. ಆ ಆವೃತ್ತಿಯಲ್ಲಿ ಅತಿ ಹೆಚ್ಚು ಟ್ಯಾಕಲ್ ಅಂಕ ಅವನದೇ, 2024ರ ಮಾರ್ಚ್ 1ರ ಫೈನಲ್‌ನಲ್ಲಿ ಪುಣೆ ಹರಿಯಾಣವನ್ನು 28–25ರಿಂದ ಸೋಲಿಸಿತು. ಅವತ್ತು ಆ ತಂಡದ ಕೋಚ್ ಆಗಿದ್ದವರು ನಮ್ಮ ಕರ್ನಾಟಕದ ಬಿ.ಸಿ. ರಮೇಶ್, ಅರ್ಜುನ ಪ್ರಶಸ್ತಿ ಪಡೆದ ಆಟಗಾರ. ಅದಕ್ಕೂ ಮುಂಚೆ 2019ರಲ್ಲಿ ಬೆಂಗಾಲ್ ವಾರಿಯರ್ಸ್‌ಗೆ ಕಪ್ ಗೆಲ್ಲಿಸಿದವರೂ ಅವರೇ. ಎಲ್ಲವೂ ಒಂದೇ ಮೈಯಲ್ಲಿ ಸಿಕ್ಕರೆ ಬೆಲೆ 2.35 ಕೋಟಿ. ಸೊರಬದ ಸರ್ಕಾರಿ ಕಾಲೇಜಿಗೆ ಎಲ್ಲವೂ ಒಂದೇ ಮೈಯಲ್ಲಿ ಸಿಗುವುದಿಲ್ಲ, ಸಿಕ್ಕರೂ ಬಹಳ ದಿನ ಉಳಿಯುವುದಿಲ್ಲ. ಆ ಮಾತು ಮುಂದೆ ಬರುತ್ತದೆ.

ಕವರ್‌ನ ಲೆಕ್ಕ ಬೇರೆ. ಅಲ್ಲಿ ಹಿಡಿತಕ್ಕಿಂತ ಡಿಕ್ಕಿ ಮುಖ್ಯ: ಡ್ಯಾಶ್, ಬ್ಲಾಕ್. ರೈಡರ್‌ನನ್ನು ಲಾಬಿಯಾಚೆ ತಳ್ಳಬೇಕು, ಇಲ್ಲವೇ ಮಧ್ಯ ಗೆರೆಯ ದಾರಿಗೆ ಅಡ್ಡ ಬೀಳಬೇಕು. ಸೆಣಸಾಟ ಶುರುವಾದ ಕೂಡಲೇ ಎರಡು ಬದಿಯ ಲಾಬಿಗಳೂ ಅಂಕಣಕ್ಕೆ ಸೇರಿಕೊಳ್ಳುವುದರಿಂದ ತಳ್ಳಬೇಕಾದ ದೂರ ಇನ್ನೊಂದು ಮೀಟರ್ ಹೆಚ್ಚುತ್ತದೆ. ಹಾಗಾದರೆ ಭಾರದವನೇ ಬೇಕಲ್ಲವೇ ಎಂದರೆ, ಹೌದು, ಅವನು ಹೊರಡುವುದರಲ್ಲಿ ನಿಧಾನಿಯಲ್ಲದಿದ್ದರೆ. 80 ಕೆ.ಜಿ.ಯವನು ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ಬಂದು ಗುದ್ದಿದಾಗ ಇರುವ ಸಂವೇಗ, 64 ಕೆ.ಜಿ.ಯವನು 5 ಮೀಟರ್ ವೇಗದಲ್ಲಿ ಗುದ್ದಿದಾಗಲೂ ಅಷ್ಟೇ: ಎರಡೂ 320. ಪಿಯುಸಿ ಭೌತಶಾಸ್ತ್ರದ ಈ ಗುಣಾಕಾರವನ್ನು ಒಮ್ಮೆ ಹುಡುಗರಿಗೇ ಮಾಡಿ ತೋರಿಸಿದರೆ ಸಣ್ಣವರ ಎದೆ ಒಂದಿಂಚು ಮುಂದೆ ಬರುತ್ತದೆ.

ಅದರಲ್ಲೂ ಒಂದು ಷರತ್ತಿದೆ. ಕವರ್‌ಗೆ ಓಡಿ ಬರಲು ಜಾಗವಿಲ್ಲ, ಇರುವುದು ಒಂದೂವರೆ, ಎರಡು ಹೆಜ್ಜೆ. ನೂರು ಮೀಟರ್ ಓಟದಲ್ಲಿ ಗೆದ್ದವನು ಅಲ್ಲಿ ಗೆಲ್ಲಬೇಕೆಂದಿಲ್ಲ, ಮೊದಲ ಹೆಜ್ಜೆಯಲ್ಲೇ ಸಿಡಿಯುವವನು ಗೆಲ್ಲುತ್ತಾನೆ. ಅದನ್ನು ಅಳೆಯಲು ಉಪಕರಣವೂ ಬೇಡ, ನಿಂತಲ್ಲಿಂದ ಮುಂದಕ್ಕೆ ನೆಗೆಸಿದರೆ ಸಾಕು, ಮರಳಿನ ಗುಂಡಿ ಎಲ್ಲ ಕಾಲೇಜಿನಲ್ಲೂ ಇದೆ. ಆಯ್ಕೆಯ ದಿನ ಹತ್ತು ಸುತ್ತು ಮೈದಾನ ಓಡಿಸುವ ಪದ್ಧತಿ ಎಲ್ಲಿಂದ ಬಂತೋ! 30 ಸೆಕೆಂಡಿನ ರೈಡ್‌ನಲ್ಲಿ ಡಿಫೆಂಡರ್ ನಿಜವಾಗಿ ಸಿಡಿಯುವುದು ಒಂದೇ ಸಲ. ಉಸಿರು ಬೇಕು, ನಿಜ. ಆದರೆ ಹತ್ತು ಸುತ್ತಿನಲ್ಲಿ ಆಯ್ಕೆಯಾಗುವವನು ದೂರ ಓಟಗಾರ, ಕವರ್ ಅಲ್ಲ.

ಎತ್ತರದ ಇನ್ನೊಂದು ಸಾಲ ಚೈನ್‌ನಲ್ಲಿ ತೀರಿಸಬೇಕಾಗುತ್ತದೆ. ಇಬ್ಬರು ಕೈ ಹಿಡಿದು ನಿಂತಾಗ ಇಬ್ಬರೂ ಉದ್ದವಿದ್ದರೆ ಕೈಗಳ ಕಮಾನು ಮೇಲೇರುತ್ತದೆ. ಪರ್‌ದೀಪ್ ನರ್ವಾಲ್ ಡುಬ್ಕಿ ಹೊಡೆದು ಹೊಡೆದು ಐದನೇ ಆವೃತ್ತಿಯೊಂದರಲ್ಲೇ 369 ರೈಡ್ ಅಂಕ ತೆಗೆದದ್ದು ಅಂಥ ಕಮಾನುಗಳ ಕೆಳಗೆ ನುಸುಳಿಯೇ. ಉದ್ದ ಕಾಲಿನ ಹುಡುಗ ಮಂಡಿ ಹೆಚ್ಚು ಮಡಿಸಬೇಕು, ಮಡಿಸಿ ನಿಂತಷ್ಟು ಹೊತ್ತೂ ತೊಡೆ ಉರಿಯುತ್ತದೆ, ದ್ವಿತೀಯಾರ್ಧದ ಹೊತ್ತಿಗೆ ಅವನು ತಾನಾಗಿ ನೆಟ್ಟಗಾಗುತ್ತಾನೆ. ಆಮೇಲೆ ಅವನ ಮುಂಗಾಲು ರೈಡರ್‌ನ ಟೋ ಟಚ್‌ಗೆ ಇಟ್ಟ ಆಹ್ವಾನ. ಆದ್ದರಿಂದ ಆರಿಸಬೇಕಾದದ್ದು ಒಬ್ಬೊಬ್ಬರನ್ನಲ್ಲ, ಜೋಡಿಯನ್ನು. ಉದ್ದನೆಯ ಕವರ್ ಇದ್ದರೆ ಅವನ ಪಕ್ಕದ ಕಾರ್ನರ್ ಗಿಡ್ಡ ಇದ್ದಷ್ಟೂ ಒಳ್ಳೆಯದು, ಮೇಲೆ ಹಾರಿದರೆ ಒಬ್ಬ, ಕೆಳಗೆ ನುಸುಳಿದರೆ ಇನ್ನೊಬ್ಬ. ಜೋಡಿಯಾಗಿ ನೋಡದೆ ಏಳು ಮಂದಿಯನ್ನು ಎತ್ತರದ ಪ್ರಕಾರ ಸಾಲು ನಿಲ್ಲಿಸಿ ಮೇಲಿನವರನ್ನು ಆರಿಸಿದ ತಂಡಗಳು ಉದ್ಘಾಟನೆಯ ಫೋಟೊದಲ್ಲಿ ಚೆನ್ನಾಗಿ ಕಾಣುತ್ತವೆ, ಅಷ್ಟೇ.

ಈ ತಲೆನೋವು ನಮ್ಮದೊಂದೇ ಅಲ್ಲ. ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ, ಅಂದರೆ ಹೆಲ್ಮೆಟ್ ಹಾಕಿ ಗುದ್ದಾಡುವ ಅವರ ಫುಟ್‌ಬಾಲ್‌ನಲ್ಲಿ, ಸಹಾಯಕ ಕೋಚ್‌ಗಳ ದೊಡ್ಡ ಕೆಲಸವೇ ಹುಡುಗರನ್ನು ಹುಡುಕಿ ತರುವುದು. ಒಬ್ಬೊಬ್ಬರಿಗೆ ಒಂದೊಂದು ಸೀಮೆ ಹಂಚಿರುತ್ತಾರೆ, ಅವರು ಹೈಸ್ಕೂಲಿನಿಂದ ಹೈಸ್ಕೂಲಿಗೆ ಅಲೆಯುತ್ತಾರೆ, ಎತ್ತರ, ತೂಕ, ತೋಳಿನ ಉದ್ದ ಬರೆದುಕೊಳ್ಳುತ್ತಾರೆ. ಅವರಲ್ಲೂ ಕಾರ್ನರ್ ಎಂಬ ಜಾಗ ಇದೆ. ಎತ್ತರದ ಕಾರ್ನರ್ ಚೆಂಡಿಗೆ ಕೈ ಚಾಚಬಲ್ಲ, ಆದರೆ ಸೊಂಟ ತಿರುಗಿಸುವುದರಲ್ಲಿ ನಿಧಾನ ಎಂಬ ಅನುಮಾನ ಅಲ್ಲಿ ಹಳೆಯದು. ರಿಚರ್ಡ್ ಶೆರ್ಮನ್ ಸ್ಟ್ಯಾನ್‌ಫರ್ಡ್‌ಗೆ ಬಂದದ್ದು ಚೆಂಡು ಹಿಡಿಯುವ ರಿಸೀವರ್ ಆಗಿ. ಅಲ್ಲೇ ಅವನನ್ನು ಕಾರ್ನರ್‌ಗೆ ಬದಲಾಯಿಸಿದರು. ಆರಡಿ ಮೂರಿಂಚಿನ ಆ ಆಳನ್ನು ವೃತ್ತಿಪರ ತಂಡಗಳು 2011ರಲ್ಲಿ ಐದನೇ ಸುತ್ತಿನ ತನಕ ಕೇಳಲಿಲ್ಲ. 2014ರ ಜನವರಿಯಲ್ಲಿ ಸಿಯಾಟಲ್ ತಂಡವನ್ನು ಸೂಪರ್ ಬೌಲ್ ಎಂಬ ಅಂತಿಮ ಪಂದ್ಯಕ್ಕೆ ತಲುಪಿಸಿದ್ದು ಅವನ ಚಾಚಿದ ಕೈಬೆರಳು ಚೆಂಡಿಗೆ ಕೊಟ್ಟ ಒಂದು ತಟ್ಟು. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಏರನ್ ಡೊನಾಲ್ಡ್‌ನದು ಇದರ ತಿರುವುಮುರುವು ಕಥೆ. ಅವನ ಜಾಗಕ್ಕೆ ಬೇಕಾದ ಎತ್ತರವೂ ಇಲ್ಲ, ಭಾರವೂ ಸಾಲದು ಎಂದವರಿದ್ದರು. ಮುಂದೆ ಮೂರು ಸಲ, 2017, 2018 ಮತ್ತು 2020ರಲ್ಲಿ, ವರ್ಷದ ಅತ್ಯುತ್ತಮ ಡಿಫೆಂಡರ್ ಆದ. ಮೊದಲ ಹೆಜ್ಜೆ, ಕೈಯ ಚಳಕ ಅವನ ಬಂಡವಾಳ. ಅಷ್ಟೊಂದು ಟೇಪು, ಗಡಿಯಾರ, ವಿಡಿಯೊ ಇಟ್ಟುಕೊಂಡವರೂ ಇಬ್ಬರ ವಿಷಯದಲ್ಲಿ ಎಡವಿದರು ಎನ್ನುವುದು ನಮಗೆ ಸ್ವಲ್ಪ ಸಮಾಧಾನದ ಸಂಗತಿ.

ಡಿಫೆಂಡರ್‌ಗೆ ಹೆಸರಿಲ್ಲ ಎಂದು ಕೊರಗುವವರು ಒಮ್ಮೆ ಬಳ್ಳಿಗಾವಿಗೋ ಕುಬಟೂರಿಗೋ ಹೋಗಿ ಬರಬೇಕು. ಬಿ.ಎಲ್. ರೈಸ್ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಏಳನೇ ಸಂಪುಟದಲ್ಲಿ ಶಿಕಾರಿಪುರದ ಶಾಸನಗಳನ್ನೂ ಎಂಟನೆಯದರಲ್ಲಿ ಸೊರಬದವನ್ನೂ ಸೇರಿಸಿದರು. ಅವುಗಳಲ್ಲಿ ವೀರಗಲ್ಲುಗಳೇ ರಾಶಿ ಇವೆ. ತುರುಗಳನ್ನು ಹೊಡೆದುಕೊಂಡು ಹೋಗಲು ಬಂದವರನ್ನು ತಡೆದು ಸತ್ತವನಿಗೆ ಊರವರು ಕಲ್ಲು ನಿಲ್ಲಿಸಿದರು. ಆ ಕಲ್ಲು ದಾಳಿ ಮಾಡಿ ದಾಟಿಹೋದವನಿಗಲ್ಲ.

ಇರಲಿ, ನಮ್ಮ ಕಷ್ಟಕ್ಕೆ ಬರೋಣ. ಅಮೆರಿಕದ ಕೋಚ್ ಹುಡುಕಿ ತರುತ್ತಾನೆ, ತಾಲ್ಲೂಕು ಕಾಲೇಜಿನವರಿಗೆ ಪ್ರವೇಶಕ್ಕೆ ಬಂದವರಲ್ಲೇ ಆರಿಸಿಕೊಳ್ಳಬೇಕು. ನಮ್ಮಲ್ಲೂ ಹುಡುಕಿ ಕರೆದೊಯ್ಯುವವರು ಇದ್ದಾರೆ, ಆದರೆ ಅವರು ಘಟ್ಟದ ಕೆಳಗಿನವರು. ಮೂಡುಬಿದಿರೆಯ ಆಳ್ವಾಸ್, ಉಜಿರೆಯ ಎಸ್‌ಡಿಎಂ ಇಂಥ ಸಂಸ್ಥೆಗಳು ಕ್ರೀಡಾಪಟುಗಳಿಗೆ ಓದು, ಊಟ, ವಸತಿ, ಮ್ಯಾಟ್, ಕೋಚ್ ಎಲ್ಲ ಕೊಡುತ್ತವೆ. ಎತ್ತರ ಇದ್ದು ಸ್ವಲ್ಪ ಆಟವೂ ಬರುವ ಹುಡುಗ ಪಿಯುಸಿ ಮುಗಿಯುವಷ್ಟರಲ್ಲಿ ಬಸ್ಸು ಹತ್ತಿರುತ್ತಾನೆ. ಅವನಿಗೆ ಅದು ಒಳ್ಳೆಯದೇ, ತಡೆಯುವ ಹಕ್ಕು ಯಾರಿಗೂ ಇಲ್ಲ. ಅವನು ಹೋದ ಮೇಲೆ ಉಳಿದವರಲ್ಲಿ ಅವನದೇ ನಕಲನ್ನು ಹುಡುಕುತ್ತ ಕೂರುವುದು ಮಾತ್ರ ದಂಡ. ಉಳಿದವರಲ್ಲಿ ಬೇರೆ ಮೈಗಳಿವೆ.

ಅವು ಕಬಡ್ಡಿ ಅಂಕಣದಲ್ಲೇ ಇರಬೇಕೆಂದಿಲ್ಲ. ಕಾರ್ಕಳದ ಹೆರ್ಮುಂಡೆಯ ಮಮತಾ ಪೂಜಾರಿ, 2012ರ ಪಟ್ನಾ ವಿಶ್ವಕಪ್ ಗೆದ್ದ ಭಾರತ ತಂಡದ ನಾಯಕಿ, 2014ರಲ್ಲಿ ಅರ್ಜುನ ಪ್ರಶಸ್ತಿ ಪಡೆದವರು, ಶಾಲೆ–ಕಾಲೇಜಿನಲ್ಲಿ ವಾಲಿಬಾಲ್, ಶಾಟ್‌ಪುಟ್ ಕೂಡ ಆಡಿದವರೇ. ವಾಲಿಬಾಲ್ ನೆಟ್ಟಿನ ಹತ್ತಿರ ಬ್ಲಾಕ್‌ಗೆ ಹಾರುವ ಹುಡುಗನಿಗೆ ಎದುರಾಳಿಯ ಭುಜ ನೋಡಿ ಮುಂದಿನ ನಡೆ ಊಹಿಸುವ ಅಭ್ಯಾಸ ಇದೆ. ಗುಂಡು ಎಸೆಯುವವನಿಗೆ ಕಾಲಿನಿಂದ ಭುಜಕ್ಕೆ ಬಲ ದಾಟಿಸುವುದು ಗೊತ್ತು, ಕವರ್‌ನ ಡ್ಯಾಶ್ ಅಂದರೆ ಅದೇ. ಕೊನೆ ಕೊಯ್ಯಲು ಅಡಿಕೆ ಮರ ಹತ್ತುವವನ ಮುಂಗೈ ನೋಡಿದ್ದೀರಿ. ದೀಪಾವಳಿ ಕಳೆದ ಮೇಲೆ ಎರಡೂ ತಾಲ್ಲೂಕಿನ ಊರೂರುಗಳಲ್ಲಿ ನಡೆಯುವ ಹೋರಿ ಹಬ್ಬಕ್ಕೂ ಹೋಗಿರುತ್ತೀರಿ. ಕೊಬ್ಬರಿ ಸರ ಕಟ್ಟಿದ ಹೋರಿ ನುಗ್ಗಿ ಬರುವಾಗ ಎದುರಿಗೆ ನಿಂತು ಆರ್ಭಟಿಸುವವನ ಕಡೆ ನೋಡಬೇಡಿ. ಪಕ್ಕದಲ್ಲಿ ಸುಮ್ಮನೆ ನಿಂತಿದ್ದು, ಕೊಂಬು ತನ್ನನ್ನು ದಾಟಿದ ಮೇಲೆ ಭುಜಕ್ಕೆ ಹಾರುವವನೊಬ್ಬ ಇರುತ್ತಾನೆ. ಕಾರ್ನರ್‌ಗೆ ಬೇಕಾದ ಕಾಲಜ್ಞಾನ ಅವನಲ್ಲಿದೆ. (ಹೋರಿ ಹಿಡಿಯುವುದನ್ನು ತರಬೇತಿ ಮಾಡಿ ಎಂದು ಈ ಪತ್ರ ಹೇಳುತ್ತಿಲ್ಲ. ಪ್ರತಿ ವರ್ಷ ಎಷ್ಟು ಮನೆಗಳಲ್ಲಿ ಅದಕ್ಕೆ ಅಳುತ್ತಾರೆ ಎಂದು ಎಲ್ಲರಿಗೂ ಗೊತ್ತು.)

ಹೆಣ್ಣುಮಕ್ಕಳ ತಂಡಕ್ಕೆ ಈ ಲೆಕ್ಕವನ್ನೇ ಸಣ್ಣದು ಮಾಡಿ ಅನ್ವಯಿಸುವುದು ಇನ್ನೊಂದು ರೂಢಿ. ಅವರ ಅಂಕಣ 12 ಮೀಟರ್ ಉದ್ದ, 8 ಮೀಟರ್ ಅಗಲ. ಬಾಕ್ ಲೈನ್ 3 ಮೀಟರ್‌ಗೆ, ಬೋನಸ್ 4ಕ್ಕೆ. ಅಂದರೆ ಅಗಲ ಕಡಿಮೆಯಾದರೂ ಬೋನಸ್ ಗೆರೆಯ ಹಿಂದಿನ ಜಾಗ ಪುರುಷರದಕ್ಕಿಂತ ಕಾಲು ಮೀಟರ್ ಹೆಚ್ಚು. ಕಾರ್ನರ್ ಹುಡುಗಿ ಹಿಂದೆ ಅಂಟಿಕೊಂಡು ನಿಂತರೆ ಬೋನಸ್ ಕಾಲು ಅವಳ ಕೈಗೆ ಸಿಗುವುದೇ ಇಲ್ಲ, ಅವಳು ಮುಂದಕ್ಕೆ ಎರಗಬಲ್ಲವಳಾಗಿರಬೇಕು. ಅಕ್ಕಪಕ್ಕದ ಕಿಂಡಿ ಕಿರಿದಾದ್ದರಿಂದ ಕವರ್‌ನಲ್ಲಿ ತೋಳುದ್ದಕ್ಕೆ ಅಷ್ಟು ಬೆಲೆಯಿಲ್ಲ, ಪಾದದ ಚುರುಕಿಗೆ ಇದೆ. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ನಮ್ಮ ಹುಡುಗಿಯರು ಚೈನೀಸ್ ತೈಪೆಯನ್ನು ಸೋಲಿಸಿದ್ದು 26–25ರಿಂದ, ಒಂದೇ ಅಂಕದಿಂದ. ಒಂದು ಬೋನಸ್ ಬಿಟ್ಟಿದ್ದರೂ ಪಂದ್ಯ ಸಮವಾಗುತ್ತಿತ್ತು.

ಈಗ ಈ ಪತ್ರದ ಕಹಿ ಭಾಗ. ತೂಕ ಇಳಿಸುವುದು.

2024ರ ಆಗಸ್ಟ್ 7ರ ಬೆಳಿಗ್ಗೆ ಪ್ಯಾರಿಸ್‌ನಲ್ಲಿ ಕುಸ್ತಿಪಟು ವಿನೇಶ್ ಫೋಗಟ್ 50 ಕೆ.ಜಿ.ಗೆ 100 ಗ್ರಾಂ ಹೆಚ್ಚು ತೂಗಿ ಒಲಿಂಪಿಕ್ ಫೈನಲ್ ಕಳೆದುಕೊಂಡರು. ಅವರ ಹಿಂದೆ ವೈದ್ಯರು, ಆಹಾರ ತಜ್ಞರು ಎಲ್ಲ ಇದ್ದರು. ನಮ್ಮ 60 ಕೆ.ಜಿ. ಪಂದ್ಯಾವಳಿಗೆ ಹೋಗುವ 63 ಕೆ.ಜಿ. ಹುಡುಗನ ಹಿಂದೆ ಇರುವುದು ‘ಎರಡು ದಿನ ನೀರು ಕುಡೀಬೇಡ, ಜರ್ಕಿನ್ ಹಾಕ್ಕೊಂಡು ಓಡು’ ಎನ್ನುವ ಅಣ್ಣ. 1997ರ ನವೆಂಬರ್–ಡಿಸೆಂಬರ್‌ನಲ್ಲಿ ಅಮೆರಿಕದ ಮೂವರು ಕಾಲೇಜು ಕುಸ್ತಿಪಟುಗಳು ಹೀಗೇ ಬೆವರಿಳಿಸಿ ತೂಕ ಕಡಿಮೆ ಮಾಡಲು ಹೋಗಿ ಸತ್ತರು. ಮೂವರೂ 19ರಿಂದ 22ರ ಒಳಗಿನ ವಯಸ್ಸಿನವರು. ಆಮೇಲೆ ಅಲ್ಲಿ ರಬ್ಬರ್ ಅಂಗಿ, ಬಿಸಿ ಕೋಣೆ ಎಲ್ಲ ನಿಷೇಧವಾಯಿತು, ಮೈಯಲ್ಲಿ ನೀರಿನಂಶ ಅಳೆದು ಋತುವಿನ ಆರಂಭದಲ್ಲೇ ಪ್ರತಿಯೊಬ್ಬನಿಗೂ ಕನಿಷ್ಠ ತೂಕ ಗೊತ್ತು ಮಾಡುವ ಪದ್ಧತಿ ಬಂತು. ಬೇಸಿಗೆಯ ಬಿಸಿಲಿನಲ್ಲಿ ಶಿರಾಳಕೊಪ್ಪದ ರಸ್ತೆಯ ಮೇಲೆ ಜರ್ಕಿನ್ ಹಾಕಿ ಓಡುವ ಹುಡುಗ ಕಂಡರೆ ಅವನನ್ನು ನಿಲ್ಲಿಸಿ ನೀರು ಕುಡಿಸಬೇಕಾದವರು ನೀವು. ಒಂದು ಟ್ರೋಫಿ, ಕೆಲವು ಸಾವಿರ ನಗದು ಬಹುಮಾನ, ಒಂದು ಟಗರು, ಇವಕ್ಕಾಗಿ ಇಷ್ಟು ದೂರ ಹೋಗುವುದು ಬೇಡ. ಇದರಲ್ಲಿ ಕೊಡು–ಕೊಳ್ಳುವಿಕೆಯ ಮಾತೇ ಇಲ್ಲ.

ಇನ್ನೊಂದು ಕಡೆ ತೂಕ ಏರಿಸುವ ಅವಸರ. ಒಂದೇ ಮಳೆಗಾಲದಲ್ಲಿ ಎಂಟು–ಹತ್ತು ಕೆ.ಜಿ. ಏರಿಸಿಕೊಂಡ ಹುಡುಗನ ಮಂಡಿ ಮಾತ್ರ ಹಳೆಯ ತೂಕದ್ದೇ. ಕಬಡ್ಡಿಯಲ್ಲಿ ಮಂಡಿ ಹೋಗುವುದು ಹೆಚ್ಚಾಗಿ ಹೀಗೆ: ಪಾದ ನೆಲಕ್ಕೆ ಕಚ್ಚಿರುತ್ತದೆ, ಮೈ ತಿರುಗುತ್ತದೆ, ಮೇಲೆ ಇಬ್ಬರು ಬೀಳುತ್ತಾರೆ. ಊರಿನ ಕೆಂಪು ಮಣ್ಣಿನ ಅಂಕಣದಲ್ಲಿ ಬರಿಗಾಲು ಜಾರಿ ಹುಡುಗ ಬಚಾವಾಗುತ್ತಾನೆ, ಮೈ ತರಚುತ್ತದೆ ಅಷ್ಟೇ. ಮ್ಯಾಟಿನ ಮೇಲೆ ಶೂ ಜಾರುವುದಿಲ್ಲ, ಮಂಡಿಯೊಳಗಿನ ಎಸಿಎಲ್ ಎಂಬ ಪಟ್ಟಿ ಹರಿಯುತ್ತದೆ. ವರ್ಷವಿಡೀ ಮಣ್ಣಿನಲ್ಲಿ ಆಡಿಸಿ ವಿಶ್ವವಿದ್ಯಾಲಯದ ಪಂದ್ಯಕ್ಕೆ ಎರಡು ದಿನ ಮೊದಲು ಯಾರದೋ ಶೂ ಕೊಟ್ಟು ಮ್ಯಾಟಿಗೆ ಇಳಿಸಿದರೆ ಮೊದಲು ಕಳೆದುಕೊಳ್ಳುವುದು ಭಾರದ ಕಾರ್ನರನ್ನು. ಎರಡೂ ತಾಲ್ಲೂಕಿನ ಕಾಲೇಜುಗಳೆಲ್ಲ ಸೇರಿ ಒಂದು ಸೆಟ್ ಮ್ಯಾಟ್ ಇಟ್ಟುಕೊಂಡು ತಿಂಗಳಿಗೊಬ್ಬರಂತೆ ಹಂಚಿಕೊಳ್ಳಲು ಏನು ಅಡ್ಡಿ? ಜಾತ್ರೆಯ ಶಾಮಿಯಾನ, ಪಾತ್ರೆಗಳನ್ನು ಊರೂರು ಹಂಚಿಕೊಳ್ಳುವ ಜನ ನಾವು.

ಕೊನೆಗೆ, ಮುಂದಿನ ಆಯ್ಕೆಯ ದಿನಕ್ಕೆ ಒಂದು ಕೋರಿಕೆ. ಪಟ್ಟಿಯಲ್ಲಿ ಹೆಸರು, ತರಗತಿ, ತೂಕ ಎಂಬ ಮೂರು ಕಾಲಂ ಇರುತ್ತವೆ. ಅದರ ಪಕ್ಕ ತೋಳುದ್ದ, ನಿಂತಲ್ಲಿಂದ ನೆಗೆತ, ಮಂಡಿ ಮಡಿಸಿ ಕೂತು ಎಷ್ಟು ಹೊತ್ತು ಇರಬಲ್ಲ, ಯಾರ ಪಕ್ಕದಲ್ಲಿ ನಿಂತರೆ ಚೆನ್ನಾಗಿ ಆಡುತ್ತಾನೆ, ಇವನ್ನೂ ಬರೆಸಿ. ಕೊನೆಯದನ್ನು ಸಹಾಯಕ ತರಬೇತುದಾರರೇ ತುಂಬಲಿ, ಅವರಿಗೇ ಗೊತ್ತಿರುವುದು. ಮೊದಲ ವರ್ಷದಲ್ಲಿ ‘ಸಣ್ಣೋನು’ ಎಂದು ಕೈಬಿಟ್ಟವರ ಹೆಸರನ್ನು ಹೊಡೆದುಹಾಕಬೇಡಿ. ಹದಿನೇಳು–ಹದಿನೆಂಟರ ಮೈ ಇನ್ನೂ ಬೆಳೆಯುತ್ತಿರುತ್ತದೆ, ಎರಡನೇ ವರ್ಷದ ಜುಲೈಯಲ್ಲಿ ಅದೇ ಹುಡುಗನನ್ನು ಅದೇ ಟೇಪಿನಲ್ಲಿ ಮತ್ತೊಮ್ಮೆ ಅಳೆಯಿರಿ. ಅಷ್ಟರೊಳಗೆ ಅವನು ಕಬಡ್ಡಿ ಬಿಟ್ಟು ಕ್ರಿಕೆಟ್‌ಗೆ ಹೋಗದಂತೆ ವಾರಕ್ಕೆರಡು ಸಂಜೆ ಕಾರ್ನರ್‌ನಲ್ಲಿ ನಿಲ್ಲಿಸಿ ಆಡಿಸುವ ಕೆಲಸವೂ ನಿಮ್ಮ ಮೇಲೇ ಬೀಳುತ್ತದೆ.

ಇಂತಿ,
ಅಂಕಣದ ಹೊರಗೆ ನಿಂತು ಆಟ ನೋಡುವ ಒಬ್ಬರು